ಮೇಷ್ಟ್ರ ಬೂಟು

“ಗುರುಗಳೇ, ನನ್ನ ಭಕ್ತಿಯಲ್ಲಿ ಕೊರತೆ ಎಲ್ಲಿದೆ?”

ಕೇಳಿದವನು ಆಶ್ರಮದ ಹಳೆಯ ಶಿಷ್ಯ. ಹಿಂದಿನ ದಿನ ಅನ್ನ ಮುದ್ದೆಯಾಯಿತೆಂದು ಸಿಟ್ಟುಗೊಂಡು ಊಟದ ತಟ್ಟೆಯನ್ನು ಅಡುಗೆಯವನ ಮುಖಕ್ಕೆ ಎಸೆದಿದ್ದ. ಅಡುಗೆಯವನ ಹುಬ್ಬು ಸೀಳಿತ್ತು. ಅದಾದ ಮೇಲೆ ಶಿಷ್ಯನಿಗೆ ತುತ್ತು ಇಳಿದಿರಲಿಲ್ಲ.

“ದಿನವೂ ನಿಮ್ಮ ಪಾದ ತೊಳೆಯುತ್ತೇನೆ. ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಸಿಟ್ಟು ಬಂದಾಗ ಅಲ್ಲಿಂದ ಎದ್ದು ಹೋಗು ಎಂದು ನೀವು ಹೇಳಿದ್ದಿರಿ. ಆ ಮಾತನ್ನು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ, ಹೇಳುವಾಗಲೆಲ್ಲ ನಿಮ್ಮನ್ನು ನೆನೆದು ಕೈಮುಗಿಯುತ್ತೇನೆ. ಆದರೂ ನನ್ನ ಸಿಟ್ಟು ಕೂದಲೆಳೆಯಷ್ಟೂ ತಗ್ಗಿಲ್ಲ. ಇನ್ನೆಷ್ಟು ಭಕ್ತಿ ಬೇಕು?”

ಗುರುಗಳು “ಅಡುಗೆಯವನ ಗಾಯಕ್ಕೆ ಔಷಧಿ ಹಚ್ಚಿ ಬಂದೆಯೋ, ಇಲ್ಲ ನನ್ನ ಪಾದ ತೊಳೆಯುವ ಹೊತ್ತಾಯಿತೆಂದು ಓಡಿ ಬಂದೆಯೋ?” ಎಂದರು.

ಶಿಷ್ಯ ತಲೆ ತಗ್ಗಿಸಿದ. ಗುರುಗಳು, “ಹೋಗಲಿ, ಕುಳಿತುಕೋ” ಎಂದು ಈ ಕತೆ ಹೇಳಿದರು.

ಒಂದು ಅಣೆಕಟ್ಟೆ. ಅದರ ಕೆಳಗೆ ಒಂದು ಉದ್ಯಾನ. ಏರಿಯ ಇಳಿಜಾರಿನ ಉದ್ದಕ್ಕೂ ಹುಲ್ಲುಹಾಸು. ಆ ಹುಲ್ಲನ್ನು ಮಾಲಿಗಳು ಕುಕ್ಕರುಗಾಲಿನಲ್ಲಿ ಕುಳಿತು ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನ ತುದಿಯಲ್ಲಿ ಹುಲ್ಲು ಮತ್ತೆ ಎದ್ದು ನಿಂತಿರುತ್ತಿತ್ತು. ಅವರ ಅಪ್ಪಂದಿರೂ ಹಾಗೆಯೇ ಕೊಯ್ದವರು. ಮಾಲಿಯ ಸೊಂಟ ನೆಟ್ಟಗಾಗುವುದು ಚಟ್ಟದ ಮೇಲೆ ಮಲಗಿಸಿದಾಗಲೇ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಮಾಲಿಗಳೂ ನಗುತ್ತಿದ್ದರು. ಬೇರೇನು ಮಾಡಲಾಗುತ್ತದೆ?

ಕಡೆಗೆ ಉದ್ಯಾನದವರು ಒಂದು ಯಂತ್ರ ತರಿಸಿದರು. ಹಿಂದೆ ನಡೆಯುತ್ತ ನಡೆಸುವ ದೊಡ್ಡ ಹುಲ್ಲಿನ ಮೆಷಿನ್ನು. ಮೇಲೆ ಎಂಜಿನ್ನು, ಹೊಟ್ಟೆಯ ಕೆಳಗೆ ಬ್ಲೇಡು, ಹಿಂದಕ್ಕೆ ಚಾಚಿಕೊಂಡ ಎರಡು ಹಿಡಿಗಳು. ಅದನ್ನು ಜೋಡಿಸಿಕೊಟ್ಟು ನಡೆಸುವುದನ್ನು ಕಲಿಸಲು ಪೇಟೆಯ ಅಂಗಡಿಯಿಂದ ಒಬ್ಬ ಮೆಕ್ಯಾನಿಕ್ ಬಂದ. ಕಲಿಸಲು ಬಂದವನೆಂದು ಮಾಲಿಗಳು ಅವನನ್ನು ಮೇಷ್ಟ್ರೇ ಎಂದು ಕರೆದರು. ಅವನಿಗೆ ಒಳಗೊಳಗೇ ಖುಷಿಯಾಯಿತು. ಅಲ್ಲಿಯವರೆಗೆ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ನೋಡು, ಹೊಗಳಿಕೆ ಎಷ್ಟು ಸಣ್ಣ ಬಾಗಿಲಿನಿಂದ ಒಳಗೆ ಬರುತ್ತದೆ.

ಮೆಕ್ಯಾನಿಕ್ ಒಳ್ಳೆಯವನು, ಅಂಜುಬುರುಕ. ಆ ಬ್ಲೇಡು ಏನು ಮಾಡಬಲ್ಲದೆಂದು ಬೇರೆ ಕಡೆ ಕಣ್ಣಾರೆ ಕಂಡಿದ್ದ. ಅದಕ್ಕೆ ಹುಲ್ಲೂ ಒಂದೇ, ಬೆರಳೂ ಒಂದೇ. ಈ ಮೆಷಿನ್ನಿನಿಂದ ಯಾರ ಕೈಕಾಲೂ ಊನವಾಗಬಾರದು, ಅವನಿಗೆ ಬೇಕಾದದ್ದು ಅಷ್ಟೇ. ಮೆಷಿನ್ನು ನಡೆಸಲು ಮಾಲಿಗಳಲ್ಲಿ ಪುಟ್ಟಮಾದ ಎಂಬವನನ್ನು ಆರಿಸಿದ್ದರು. ನಿಧಾನದ ಮನುಷ್ಯ, ಕುಡಿತದ ಚಟವಿಲ್ಲ, ಒಪ್ಪಿಸಿದ ಕೆಲಸ ಬಿಟ್ಟು ಏಳುವವನಲ್ಲ. ಮೆಕ್ಯಾನಿಕ್‌ಗೆ ನೆಮ್ಮದಿಯಾಯಿತು.

ಅವನು ಏನನ್ನೂ ಬಿಡದೆ ಕಲಿಸಿದ. ಹಿಡಿಗಳನ್ನು ಪುಟ್ಟಮಾದನ ಸೊಂಟದ ಎತ್ತರಕ್ಕೆ ತಂದು ಬಿಗಿದ. ಶುರುಮಾಡುವ ಮೊದಲು ಆಯಿಲ್ ನೋಡಬೇಕು, ಬ್ಲೇಡಿನ ಬೋಲ್ಟು ಬಿಗಿಯಿದೆಯೇ ನೋಡಬೇಕು ಎಂದ. ಹುಲ್ಲಿನಲ್ಲಿ ಒಮ್ಮೆ ನಡೆದು ಕಲ್ಲು, ತಂತಿ, ಮೂಳೆ ಎಲ್ಲ ಆರಿಸಿ ಹಾಕಬೇಕು, ಇಲ್ಲದಿದ್ದರೆ ಬ್ಲೇಡು ಅದನ್ನು ಗುಂಡಿನ ಹಾಗೆ ಸಿಡಿಸುತ್ತದೆ ಎಂದ. ಇಬ್ಬನಿ ಆರುವವರೆಗೆ ಕಾಯಬೇಕು, ಇಳಿಜಾರಿನಲ್ಲಿ ಅಡ್ಡಡ್ಡ ನಡೆಯಬೇಕು, ಮೇಲಕ್ಕೂ ಕೆಳಕ್ಕೂ ಹತ್ತಿಳಿಯಬಾರದು. ಕೆಳಗೆ ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರು ಕಿತ್ತು, ಮೆಷಿನ್ನನ್ನು ಎತ್ತಿ ವಾಲಿಸಿ, ಆಮೇಲೆ ತೆಗೆಯಬೇಕು. ಹಿಡಿಯ ಜೊತೆ ಒತ್ತಿ ಹಿಡಿಯುವ ಲಿವರ್ ತೋರಿಸಿ, “ಇದನ್ನ ಒತ್ತಿ ಹಿಡಿದಿರೋವರೆಗೆ ಮಾತ್ರ ಬ್ಲೇಡು ತಿರುಗತ್ತೆ. ಕಾಲು ಜಾರ್ತು ಅನ್ನಿಸ್ತೋ, ಕೈ ಬಿಟ್ಬಿಡು. ಬ್ಲೇಡು ನಿಂತೋಗತ್ತೆ. ಮೆಷಿನ್ನು ಉರುಳ್ಕೊಂಡು ಹೋದ್ರೆ ಹೋಗ್ಲಿ” ಎಂದ.

ಪುಟ್ಟಮಾದ ಕೈಮುಗಿದುಕೊಂಡು ಕೇಳಿದ. ಕೇಳಿದ್ದನ್ನೆಲ್ಲ ಒಂದು ಅಕ್ಷರ ತಪ್ಪದೆ ಒಪ್ಪಿಸಿದ. ಮೆಕ್ಯಾನಿಕ್ ತಲೆದೂಗಿದ. ಶಾಲೆಯಲ್ಲಿ ಪಾಠ ಒಪ್ಪಿಸಿದ ಹುಡುಗನನ್ನು ಕಂಡ ಉಪಾಧ್ಯಾಯನಿಗೆ ಆಗುವ ಹಿಗ್ಗೇ ಅದು.

ಒಂದೇ ಒಂದು ಬಾಕಿ ಇತ್ತು. ಪುಟ್ಟಮಾದನದು ಬರಿಗಾಲು. ಬೂಟಿಲ್ಲದೆ ಈ ಮೆಷಿನ್ನು ಮುಟ್ಟಬಾರದು ಎಂದು ಮೆಕ್ಯಾನಿಕ್ ಹೇಳಿದ. ಉದ್ಯಾನದ ಆಫೀಸಿನವರು ಬೂಟು ಬರುತ್ತದೆ ಬಿಡಿ ಎಂದರು. ಆ ಬಿಡಿ ಎಂಬ ಮಾತಿನಲ್ಲಿ ಬೂಟು ಎಂದೂ ಬರುವುದಿಲ್ಲವೆಂದು ಅವನಿಗೆ ಅರ್ಥವಾಯಿತು. ಅಲ್ಲಿಯೇ ಕುಳಿತು ತನ್ನ ಬೂಟು ಬಿಚ್ಚಿದ. ದಪ್ಪ ಅಟ್ಟೆಯ, ಬೆರಳುಗಳ ಮೇಲೆ ಒಳಗೆ ಕಬ್ಬಿಣದ ತಗಡಿದ್ದ ಗಟ್ಟಿ ಬೂಟು. ಪುಟ್ಟಮಾದನ ಕಾಲಿಗೂ ಸರಿಹೋಗುವ ಅಳತೆ.

“ಇದನ್ನ ಹಾಕ್ಕೊಳ್ದೆ ಮೆಷಿನ್ ಹತ್ರ ಬರಬಾರ್ದು ಮಾದಣ್ಣ” ಎಂದು ಕೊಟ್ಟ.

ಪುಟ್ಟಮಾದ ಎರಡೂ ಕೈ ಚಾಚಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಕಣ್ಣಿಗೆ ಒತ್ತಿಕೊಂಡದ್ದನ್ನು ಮೆಕ್ಯಾನಿಕ್ ಒಪ್ಪಿಗೆ ಎಂದು ತಿಳಿದ. ಅವನು ಎಡವಿದ್ದು ಅಲ್ಲಿಯೇ. ಅಂದು ಕಾದ ರಸ್ತೆಯ ಮೇಲೆ ಬರಿಗಾಲಿನಲ್ಲಿ ಬಸ್ಸಿನವರೆಗೆ ನಡೆದು ಹೋದ. ಕಾಲು ಸುಡುತ್ತಿತ್ತು, ಮನಸ್ಸು ತಂಪಾಗಿತ್ತು.

ಪುಟ್ಟಮಾದ ದಡ್ಡನಾಗಿದ್ದರೆ, ಸೋಮಾರಿಯಾಗಿದ್ದರೆ, ಈ ಕತೆ ನಿನಗೆ ಹೇಳುವ ಅಗತ್ಯವಿರಲಿಲ್ಲ. ಅವನು ಏನನ್ನೂ ಮರೆಯಲಿಲ್ಲ. ಆ ಮೆಷಿನ್ನು ಅವನ ಸೊಂಟವನ್ನು ನೆಟ್ಟಗೆ ಮಾಡಿತ್ತು. ನಿಂತುಕೊಂಡೇ ಕೆಲಸ ಮಾಡುವ ಗಂಡನನ್ನು ನೋಡಿ ಅವನ ಹೆಂಡತಿ ಅತ್ತಿದ್ದಳು. ತನ್ನ ಅಪ್ಪ, ತನ್ನ ಅಜ್ಜ ಯಾರಿಗೂ ಸಿಗದ ಭಾಗ್ಯ ಇದು ಎಂದು ಅವನು ತಿಳಿದ. ಅಂಥದ್ದನ್ನು ಮೆಷಿನ್ನು ಎಂದು ಕರೆಯಲು ಅವನ ನಾಲಿಗೆ ಏಳಲಿಲ್ಲ. ಟ್ಯಾಂಕಿನ ಮೇಲೆ ಮೂರು ಪಟ್ಟೆ ವಿಭೂತಿ ಎಳೆದ. ಚಕ್ರಕ್ಕೆ ನಿಂಬೆಹಣ್ಣು ಕೊಟ್ಟ. ಸ್ನಾನ ಮಾಡದೆ ಅದನ್ನು ಮುಟ್ಟಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು, ಅವನಿಗೇ ತಿಳಿಯದ ಹಾಗೆ. ಮೇಷ್ಟ್ರು ಹೇಳಿದ್ದರಲ್ಲಿ ಸೇವೆಯ ಹಾಗೆ ಕಂಡದ್ದನ್ನೆಲ್ಲ ಅವನು ಹೇಳಿದ್ದಕ್ಕಿಂತ ಹೆಚ್ಚಾಗಿ ಮಾಡಿದ. ಕಲ್ಲು ಆರಿಸು ಎಂದರೆ ಹರಳನ್ನೂ ಬಿಡದೆ ಆರಿಸಿದ. ಆಯಿಲ್ ನೋಡು ಎಂದರೆ ದೀಪಕ್ಕೆ ಎಣ್ಣೆ ಎರೆಯುವ ಹಾಗೆ ಕೈ ನಡುಗದಂತೆ ಎರೆದ. ಅಪಚಾರದ ಹಾಗೆ ಕಂಡದ್ದನ್ನು ಮಾತ್ರ ಮೆಲ್ಲಗೆ ಬಿಟ್ಟ. ದೇವರನ್ನು ಎತ್ತಿ ಪಕ್ಕಕ್ಕೆ ವಾಲಿಸುವುದೇ? ಪೂಜೆಗೆ ಹೊತ್ತೇರಲಿ ಎಂದು ಕಾಯುವುದೇ? ದೇವರ ಹಿಂದೆ ಮೆಟ್ಟು ಮೆಟ್ಟಿಕೊಂಡು ನಡೆಯುವುದೇ? ಮೇಷ್ಟ್ರ ಮಾತು ಮೀರುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಮೇಷ್ಟ್ರು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದ್ದೇನೆ ಎಂದುಕೊಂಡ. ಆ ಬೂಟನ್ನು ತೊಳೆದು, ಶೆಡ್ಡಿನ ಗೋಡೆಗೆ ಒಂದು ಹಲಗೆ ಹೊಡೆದು, ಅದರ ಮೇಲಿಟ್ಟು ಕುಂಕುಮ ಹಚ್ಚಿದ. ದಿನವೂ ಅದಕ್ಕೆ ಕೈಮುಗಿದು, ಬರಿಗಾಲಿನಲ್ಲಿ ಮೆಷಿನ್ನನ್ನು ಇಬ್ಬನಿಗೆ ಇಳಿಸಿದ.

ಎಷ್ಟೋ ದಿನ ಏನೂ ಆಗಲಿಲ್ಲ. ಏನೂ ಆಗದ ಪ್ರತಿದಿನವೂ ಅವನಿಗೆ ಅದು ಪೂಜೆಯ ಫಲವಾಗಿ ಕಂಡಿತು.

ಮೆಕ್ಯಾನಿಕ್‌ಗೆ ಸುದ್ದಿ ಮುಟ್ಟಿದ್ದು ಹೀಗೆ. ಉದ್ಯಾನದ ಆಫೀಸಿನಿಂದ ಒಬ್ಬ ಅಂಗಡಿಗೆ ಬಂದು, ಮೆಷಿನ್ನಿನ ಹಿಡಿ ಬಾಗಿದೆ, ಹೊಸದು ಬೇಕು ಎಂದ. ಹೇಗೆ ಬಾಗಿತು ಎಂದು ಕೇಳಿದ್ದಕ್ಕೆ, ಉರುಳಿ ಕಲ್ಲುಕಟ್ಟೆಗೆ ಬಡಿಯಿತು ಎಂದ. ಹೇಗೆ ಉರುಳಿತು ಎಂದು ಕೇಳಿದ ಮೇಲೆ ಕಾಲಿನ ಮಾತು ಬಂತು. ಇಳಿಜಾರಿನ ಒದ್ದೆ ಹುಲ್ಲಿನಲ್ಲಿ ಪುಟ್ಟಮಾದ ಜಾರಿದ್ದ. ಮೆಷಿನ್ನು ಅವನ ಮೇಲಕ್ಕೆ ಸರಿದಿತ್ತು. ಕಾಲು ಬ್ಲೇಡಿಗೆ ಸಿಗುವವರೆಗೂ ಅವನು ಕೈ ಬಿಟ್ಟಿರಲಿಲ್ಲ. ಎಡಗಾಲಿನ ಮುಂಭಾಗ ಉಳಿದಿರಲಿಲ್ಲ. ಹಿಡಿ ಯಾವಾಗ ಸಿಗುತ್ತದೆ ಎಂದು ಆಫೀಸಿನವನು ಮತ್ತೆ ಕೇಳಿದ. ಮೆಕ್ಯಾನಿಕ್‌ಗೆ ಏನು ಹೇಳಿದೆನೆಂದು ಗೊತ್ತಾಗಲಿಲ್ಲ. ಅಂಗಡಿಯ ಹಿಂದೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ.

ಅವನು ಹೊಸ ಹಿಡಿ ತೆಗೆದುಕೊಂಡು ಉದ್ಯಾನಕ್ಕೆ ಹೋದಾಗ ಪುಟ್ಟಮಾದನ ಗಾಯ ಮಾಗಿತ್ತು. ಶೆಡ್ಡಿನ ಮುಂದೆ ಕೋಲು ಹಿಡಿದು ಕುಳಿತಿದ್ದ. ಮೇಷ್ಟ್ರನ್ನು ಕಂಡು ಏಳಲು ಹೋಗಿ ವಾಲಿದ. ಮೆಕ್ಯಾನಿಕ್ ಓಡಿ ಹಿಡಿದುಕೊಂಡ.

“ಬೂಟು ಹಾಕ್ಕೊಂಡಿರ್ಲಿಲ್ವಾ ಮಾದಣ್ಣ?”

“ನಿಮ್ ಮೆಟ್ಟ ನಾನ್ ಮೆಟ್ಟದಾ ಮೇಷ್ಟ್ರೇ? ಇದ್ಯೆ ಕೊಟ್ಟೋರು ನೀವು. ಅದ ಕಾಲಿಗ್ ಹಾಕಂಡ್ರೆ ನನ್ ವಂಸ ಉದ್ಧಾರ ಆದದಾ? ಒಳ್ಗೆ ಮಡ್ಗಿವ್ನಿ, ನೋಡಿ, ಒಂದ್ ದೂಳ್ ಕೂರಾಕ್ ಬುಟ್ಟಿಲ್ಲ.”

“ಜಾರಿದ್ರೆ ಕೈ ಬಿಡು ಅಂದಿದ್ನಲ್ಲ.”

“ಅಂದಿದ್ರಿ. ಗ್ಯಾಪ್ಕ ಅದೆ. ನೀವು ಕೈಯಾರ ಜೋಡ್ಸಿ ಕೊಟ್ಟಿದ್ದು, ಕಲ್ ಮ್ಯಾಲೆ ಬೀಳ್ಲಿ ಅಂತ ಹೆಂಗ್ ಬುಡದು? ಕಾಲ್ ಹೋದ್ರೆ ಹೋಗ್ಲಿ ಅಂತ ಬಿಗಿಯಾಗಿ ಹಿಡ್ಕಂಡೆ. ನನ್ ಸೇವೇಲೇ ಏನೋ ಕಮ್ಮಿ ಆಗಿತ್ತು ಮೇಷ್ಟ್ರೇ. ಈಗ ಎಲ್ಲಾ ಸರಿ ಮಾಡಿವಿ.”

ಮೆಕ್ಯಾನಿಕ್ ಒಳಗೆ ನೋಡಿದ. ಸರಿ ಮಾಡಿದ್ದರು. ಮೆಷಿನ್ನಿಗೆ ಒಂದು ಕಟ್ಟೆ ಕಟ್ಟಿದ್ದರು. ಕೋಳಿ ಕೊಯ್ದ ರಕ್ತ ಚಕ್ರದ ಮೇಲೆ ಒಣಗಿತ್ತು. ಹಲಗೆಯ ಮೇಲೆ ಅವನ ಬೂಟು, ಅದರ ಮೇಲೆ ಅಂದಿನ ಹೂವು. ಹಲಗೆಯ ಕೆಳಗೆ ಪುಟ್ಟಮಾದನ ತಮ್ಮ ಕೈಮುಗಿದು ನಿಂತಿದ್ದ. ಇನ್ನು ಮೇಲೆ ಮೆಷಿನ್ನು ನಡೆಸುವವನು ಅವನೇ. ತಲೆಯಿಂದ ಸ್ನಾನದ ನೀರು ತೊಟ್ಟಿಕ್ಕುತ್ತಿತ್ತು. ಬರಿಗಾಲು.

ಒಂದು ಕಾಲು ಹೋಯಿತೆಂಬ ದುಃಖದಲ್ಲಿ ಬಂದಿದ್ದವನಿಗೆ ಇನ್ನೊಂದು ಕಾಲು ಎದುರಿಗೇ ಕಾಣಿಸಿತು. ಮೆಕ್ಯಾನಿಕ್ ಹಲಗೆಯಿಂದ ಬೂಟು ಕಿತ್ತುಕೊಂಡ. ಹೂವು ಕೊಡವಿದ. ಅಂಗಿಯ ತೋಳಿನಿಂದ ಕುಂಕುಮ ಒರೆಸಿ ತಮ್ಮನ ಮುಂದೆ ಇಟ್ಟು, ಹಾಕ್ಕೋ ಎಂದ. ತಮ್ಮ ಗೋಡೆಯವರೆಗೆ ಹಿಂದೆ ಸರಿದ. ಮೆಕ್ಯಾನಿಕ್ ಕೂಗಿದ. ಬೈದ. ನಿಮಗೆ ಕಣ್ಣಿಲ್ಲವೇ, ಎದುರಿಗೆ ಕೂತಿರುವವನ ಕಾಲು ಕಾಣುವುದಿಲ್ಲವೇ ಎಂದ. ಬೇರೆ ಮಾಲಿಗಳು ಓಡಿ ಬಂದರು. ಮೇಷ್ಟ್ರಿಗೆ ಸಿಟ್ಟು ಬಂದಿದೆ ಎಂದಷ್ಟೇ ಅವರಿಗೆ ತಿಳಿಯಿತು. ಒಬ್ಬೊಬ್ಬರಾಗಿ ನೆಲಕ್ಕೆ ಹಣೆ ಮುಟ್ಟಿಸಿ ತಪ್ಪಾಯ್ತು ಎಂದರು. ಏನು ತಪ್ಪಾಯಿತು ಎಂದು ಒಬ್ಬನೂ ಕೇಳಲಿಲ್ಲ. ಅವನು ಬೈದಷ್ಟೂ ಅವರು ಬಗ್ಗಿದರು. ಪುಟ್ಟಮಾದನೂ ಕೋಲು ಪಕ್ಕಕ್ಕಿಟ್ಟು, ಆ ಅರ್ಧ ಕಾಲನ್ನು ಮಡಿಸಿ, ಬಗ್ಗಿದ.

ಮೆಕ್ಯಾನಿಕ್‌ನ ಸಿಟ್ಟು ಇಳಿದುಹೋಯಿತು. ಸಿಟ್ಟು ಇಳಿದ ಜಾಗದಲ್ಲಿ ಭಯ ಬಂದು ಕುಳಿತಿತು. ಇನ್ನೇನು ಮಾಡಲೂ ತೋಚದೆ ಅವನು ಮೊಣಕಾಲೂರಿ ತಮ್ಮನ ಎರಡೂ ಕಾಲು ಹಿಡಿದುಕೊಂಡ. “ನಿನ್ ದಮ್ಮಯ್ಯ, ಹಾಕ್ಕೋ” ಎಂದು ಅತ್ತ. ತನ್ನ ಕೈಯಿಂದಲೇ ಆ ಕಾಲನ್ನು ಎತ್ತಿ ಬೂಟಿನೊಳಗೆ ಇಡಲು ನೋಡಿದ.

ತಮ್ಮ ಕೆಂಡ ತುಳಿದವನ ಹಾಗೆ ಕಾಲು ಕಿತ್ತುಕೊಂಡ. ಗುರು ತನ್ನ ಕಾಲು ಮುಟ್ಟಿಬಿಟ್ಟರಲ್ಲ, ಈ ಪಾಪ ಎಲ್ಲಿ ಕಳೆಯಲಿ ಎಂದು ಅಳುತ್ತ ಕಾಲುವೆಗೆ ಓಡಿದ. ಮತ್ತೊಮ್ಮೆ ಮುಳುಗಿ ಬಂದ. ಅಷ್ಟರಲ್ಲಿ ಉಳಿದವರು ಬೂಟನ್ನು ಎತ್ತಿ ಹಲಗೆಯ ಮೇಲಿಟ್ಟಿದ್ದರು.

ಮೆಕ್ಯಾನಿಕ್ ಆಫೀಸಿಗೆ ಹೋಗಿ ಹೇಳಿದ. ಅಲ್ಲಿದ್ದವರು, ಅದು ಅವರ ನಂಬಿಕೆಯ ವಿಷಯ, ನಾವು ಬಾಯಿ ಹಾಕುವುದು ಸರಿಯಲ್ಲ ಎಂದರು. ಪ್ಲಗ್ಗು ಕಿತ್ತುಕೊಂಡು ಹೋಗಲೇ ಎಂದು ಯೋಚಿಸಿದ. ಪೇಟೆಯಲ್ಲಿ ಪ್ಲಗ್ಗಿಗೇನು ಬರ? ಹಿಡಿ ಜೋಡಿಸದೆ ಹೋಗಲೇ ಎಂದುಕೊಂಡ. ಅವರು ಬಾಗಿದ ಹಿಡಿಯನ್ನೇ ಹಿಡಿಯುತ್ತಾರೆ, ಅದು ಇನ್ನೂ ಅಪಾಯ. ಕಡೆಗೆ ಕುಳಿತು ಹೊಸ ಹಿಡಿ ಜೋಡಿಸಿದ. ಲಿವರ್ ಬಿಟ್ಟರೆ ಬ್ಲೇಡು ನಿಲ್ಲುತ್ತದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ. ನಿಲ್ಲುತ್ತಿತ್ತು. ಮೆಷಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಕಲಿಸಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಕಲಿಸಿದ. ಪುಟ್ಟಮಾದನ ತಮ್ಮ ಕೈಮುಗಿದುಕೊಂಡು ಕೇಳಿ, ಒಂದು ಅಕ್ಷರ ತಪ್ಪದೆ ಒಪ್ಪಿಸಿದ. ಆ ಒಪ್ಪಿಸುವಿಕೆ ಕೇಳುತ್ತ ಮೆಕ್ಯಾನಿಕ್ ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡ.

ಮಾಲಿಗಳು ಅವನಿಗೆ ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು, ಮಾಲೆ ಹಾಕಿ, ಬಸ್ಸಿನ ರಸ್ತೆಯವರೆಗೆ ಮೆರವಣಿಗೆಯ ಹಾಗೆ ಕರೆತಂದು ಬಿಟ್ಟರು. ಅವರು ಹಿಂದಿರುಗಿದ ಮೇಲೆ ಮಾಲೆ ತೆಗೆದ. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಳಿಜಾರಿನ ಕಡೆಯಿಂದ ಎಂಜಿನ್ನಿನ ಸದ್ದು ಶುರುವಾಯಿತು. ಅವನು ಉಸಿರು ಹಿಡಿದು ಕೇಳಿದ. ಸದ್ದು ಸ್ವಲ್ಪ ಏರಿದರೂ, ಸ್ವಲ್ಪ ಇಳಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಬಸ್ಸು ಬಂದು ನಿಂತಿತು. ಹೋಯಿತು. ಅವನು ಹತ್ತಲಿಲ್ಲ. ಸದ್ದು ಯಾವಾಗ ಏಕಾಏಕಿ ನಿಲ್ಲುತ್ತದೋ ಎಂದು ಕಾಯುತ್ತ ಅಲ್ಲಿಯೇ ನಿಂತುಕೊಂಡ. ಅದು ಅವನು ಕಲಿಸಿದ ಸದ್ದು. ಅದನ್ನು ಬಿಟ್ಟು ಅವನು ಎಲ್ಲಿಗೆ ಹೋದಾನು?

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖದಲ್ಲಿ ಕತೆ ಹೇಳಿ ಮುಗಿಸಿದವರ ಹಗುರ ಇರಲಿಲ್ಲ. ಎಷ್ಟೋ ಜನಕ್ಕೆ ಹೇಳಿ ದಣಿದವರ ಹಾಗಿದ್ದರು.

ಶಿಷ್ಯನ ಕೆನ್ನೆ ಒದ್ದೆಯಾಗಿತ್ತು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅವನು ಎದ್ದ. ಎಂಥ ಮಾತು ಹೇಳಿದಿರಿ ಗುರುಗಳೇ, ನನ್ನ ಕಣ್ಣು ತೆರೆಸಿದಿರಿ, ಇದನ್ನು ಬದುಕಿರುವವರೆಗೆ ಮರೆಯುವುದಿಲ್ಲ ಎಂದ. ಮುಂದೆ ಬಂದು ಉದ್ದಕ್ಕೆ ಮಲಗಿ, ಅವರ ಎರಡೂ ಪಾದಗಳನ್ನು ಹಿಡಿದು, ಹಣೆಯನ್ನು ಅವುಗಳ ಮೇಲೆ ಇಟ್ಟ.

“ಏಳು ಮಗು,” ಎಂದರು ಗುರುಗಳು, “ಕಾಲು ಹೋದೀತು.”

ಶಿಷ್ಯ ಆ ಪಾದಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.